ಬುಡದ ಮುದ್ರೆಗೆ ದುಡ್ಡು ಕೊಡಬೇಡಿ

ಮೇಡಂ, ನೀವು ಹಾಕಿರುವ ಪಿಂಗಾಣಿ ಜಾಡಿಯ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆ. ನೀಲಿ ನೆಲ, ಬಿಳಿ ಹೂ, ಬುಡದಲ್ಲಿ ಜೋಡಿ ಉಂಗುರದೊಳಗೆ ಚೀನಾದ ದೊರೆ ಕಾಂಗ್‌ಶಿಯ ಹೆಸರಿನ ನಾಲ್ಕು ಚೀನೀ ಅಕ್ಷರ. ‘ಕಾಂಗ್‌ಶಿ ದೊರೆಯ ಕಾಲದ್ದು’ ಎಂಬ ಮಾರುವವರ ಮಾತನ್ನು ನಂಬಬಹುದೇ ಎಂದು ಕೇಳಿದ್ದೀರಿ. ಆ ಅಕ್ಷರಗಳೊಂದೇ ಆಧಾರವಾದರೆ ನಂಬಬೇಡಿ.

ಕಾಂಗ್‌ಶಿ ಆಳಿದ್ದು 1661ರಿಂದ 1722ರವರೆಗೆ. ಆದರೆ 1677ರಲ್ಲಿ, ಪಿಂಗಾಣಿಯ ತವರಾದ ಜಿಂಗ್‌ಡೆಜೆನ್‌ನ ಅಧಿಕಾರಿಯೊಬ್ಬ ಪಾತ್ರೆಗಳ ಮೇಲೆ ದೊರೆಯ ಹೆಸರು ಬರೆಯಬಾರದೆಂದು ಕಟ್ಟಪ್ಪಣೆ ಮಾಡಿದ. ಒಡೆದ ಚೂರಿನೊಂದಿಗೆ ದೊರೆಯ ಹೆಸರೂ ತಿಪ್ಪೆ ಸೇರೀತೆಂಬ ಅಂಜಿಕೆ! ಹೀಗಾಗಿ ಆ ಕಾಲದ ಅಸಲಿ ಜಾಡಿಗಳಲ್ಲಿ ಎಷ್ಟೋ ಸಲ ಬರೀ ಖಾಲಿ ಉಂಗುರಗಳಿರುತ್ತವೆ. ನಿಮ್ಮದರಂಥ ನಾಲ್ಕಕ್ಷರದ ಮುದ್ರೆ ಹೆಚ್ಚಾಗಿ ಸಿಗುವುದು 19ನೇ ಶತಮಾನದ ಕೊನೆಯ ಸರಕಿನಲ್ಲಿ. ಅದನ್ನು ಪೂರಾ ಮೋಸ ಎನ್ನಲಾರೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವಂತೆ, ಹಳೆಯ ಕಸುಬಿನ ಮೇಲಿನ ಗೌರವಕ್ಕೂ ಹಾಗೆ ಬರೆಯುತ್ತಿದ್ದರು. ಬೆಲೆ ಹೇಳುವಾಗ ಮಾತ್ರ ಅದು ಮೋಸವಾಗುತ್ತದೆ.

ಚಿತ್ರ ಸೊಗಸಾಗಿದೆ. ಆ ಹೂವು ಚೀನೀಯರ ‘ಮೇಯ್’, ಚಳಿ ಮುಗಿಯುವ ಮೊದಲೇ ಎಲೆಯಿಲ್ಲದ ಕೊಂಬೆಯಲ್ಲಿ ಅರಳುವಂಥದ್ದು. ಹಿಂದಿನ ಅಡ್ಡಾದಿಡ್ಡಿ ಗೆರೆಗಳು ಬಿರುಕುಬಿಟ್ಟ ಮಂಜುಗಡ್ಡೆ. ಮಂಜು ಒಡೆಯಿತು, ವಸಂತ ಬಂತು ಎಂಬ ಹೊಸ ವರ್ಷದ ಸುದ್ದಿ ಅದು. ಈ ಆಕಾರದ ಜಾಡಿಗಳಲ್ಲಿ ಸಕ್ಕರೆ ಪಾಕದ ಶುಂಠಿ ಯುರೋಪಿಗೆ ಹೋಗುತ್ತಿತ್ತು. ಅಲ್ಲಿಯವರು ‘ಶುಂಠಿ ಜಾಡಿ’ ಎಂದು ಕರೆದು ಕೈತೊಳೆದುಕೊಂಡರು. ಒಳ್ಳೆಯ ಕಾಂಗ್‌ಶಿ ಜಾಡಿಯಲ್ಲಿ ನೀಲಿ ಒಂದೆಡೆ ದಟ್ಟ, ಇನ್ನೊಂದೆಡೆ ತೆಳು. ಒಳಗಿನಿಂದ ಬೆಳಕು ಬಂದಂತಿರುತ್ತದೆ. ನಿಮ್ಮದರಲ್ಲಿ ಗೋಡೆಗೆ ಬಳಿದಂತೆ ಸಮನಾಗಿದೆ.

ಈಗ ಜಾಡಿಯನ್ನು ಮಗುಚಿ, ಮೆರುಗಿಲ್ಲದ ಬುಡದ ಅಂಚನ್ನು ಬೆರಳಿನಿಂದ ಸವರಿ. ಸಹಜ ಸವೆತ ಒಂದೇ ಸಮ ಇರುವುದಿಲ್ಲ. ಸುತ್ತಲೂ ಒಂದೇ ದಿಕ್ಕಿನ ಗೀರುಗಳಿದ್ದರೆ ಮರಳು ಕಾಗದದ ಕೆಲಸ. ಇಂಗ್ಲಿಷಿನಲ್ಲಿ ‘ಚೈನಾ’ ಎಂದಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು. ಆಮದು ಸರಕಿನ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕದ ಕಾನೂನು ಆಗ ಜಾರಿಗೆ ಬಂತು. ಬೆರಳ ಗೆಣ್ಣಿನಿಂದ ತಟ್ಟಿದಾಗ ದನಿ ಮಂಕಾಗಿ ಬಂದರೆ ಎಲ್ಲೋ ಸೀಳಿದೆ.

ಮುಚ್ಚಳದ ಮೇಲೆ ನನಗೆ ಗುಮಾನಿ. ಅದರ ಬಿಳುಪು ಬೇರೆಯೇ ಇದೆ. ನಾನೂ ಒಮ್ಮೆ ಅಂಗಡಿಯ ಹಳದಿ ದೀಪದಲ್ಲಿ ಜೋಡಿ ಸರಿಯೆಂದು ಕೊಂಡು, ಮನೆಯಂಗಳದಲ್ಲಿ ಇಟ್ಟಾಗ ಜಾಡಿಗೂ ಮುಚ್ಚಳಕ್ಕೂ ನಂಟೇ ಇಲ್ಲವೆಂದು ಕಂಡು ಪೆಚ್ಚಾಗಿದ್ದೆ.

ನೂರು ವರ್ಷ ದಾಟಿದ ಜಾಡಿಯ ಬೆಲೆಗೆ ಕೊಟ್ಟರೆ ತೆಗೆದುಕೊಳ್ಳಿ. ಅದಕ್ಕೂ ಮೊದಲು ಮುಚ್ಚಳ ತೆಗೆದು, ಬಾಯಂಚಿನ ಚಿತ್ರವೊಂದನ್ನು ಹಗಲು ಬೆಳಕಿನಲ್ಲಿ ತೆಗೆದು ಇಲ್ಲಿ ಹಾಕಿ.