‘ಹೌದ್ರಿ’ ಅಂದರೆ ನಗುತ್ತಾರೆ, ಊಟಕ್ಕೂ ಒಬ್ಬಳೇ ಕೂರುತ್ತಾಳೆ

ಪ್ರಶ್ನೆ: ನಾವು ಸಿಂಧನೂರಿನವರು. ಯಜಮಾನರ ಕೆಲಸಕ್ಕಾಗಿ ಈ ಜೂನ್‌ನಲ್ಲಿ ಬೆಂಗಳೂರಿಗೆ ಬಂದು ಲಗ್ಗೆರೆಯಲ್ಲಿದ್ದೇವೆ. ಮಗಳು ಒಂಬತ್ತನೇ ಕ್ಲಾಸು. ಊರಲ್ಲಿ ಕನ್ನಡ ಮೀಡಿಯಂ, ಇಲ್ಲಿ ಇಂಗ್ಲಿಷ್ ಮೀಡಿಯಂ. ಅವಳು ‘ಹೌದ್ರಿ’ ಅಂದರೆ ಕ್ಲಾಸಿನವರು ಅಣಕಿಸುತ್ತಾರಂತೆ. ಊಟದ ಡಬ್ಬಿ ಅರ್ಧ ಹಾಗೇ ವಾಪಸ್ ಬರುತ್ತದೆ. ಸೋಮವಾರ ಬಂತೆಂದರೆ ಹೊಟ್ಟೆನೋವು. ‘ಎಲ್ಲರ ಜೊತೆ ಬೆರಿ’ ಎಂದು ಹೇಳಿ ಸಾಕಾಗಿದೆ. ಶಾಲೆ ಬದಲಿಸಲೇ?

ಉತ್ತರ: ‘ಬೆರಿ’ ಎನ್ನುವುದನ್ನು ಮೊದಲು ನಿಲ್ಲಿಸಿ. ಚಿಕ್ಕಂದಿನಿಂದ ಒಟ್ಟಿಗೆ ಓದಿದವರ ಗುಂಪಿನಲ್ಲಿ ಹೊಸಬಳು ತಾನಾಗಿ ಜಾಗ ಮಾಡಿಕೊಳ್ಳುವುದು ಸುಲಭವಲ್ಲ. ಆ ಜಾಗ ಮಾಡಿಕೊಡಬೇಕಾದವರು ಶಾಲೆಯ ದೊಡ್ಡವರು. ನೀವು ‘ಬೆರಿ’ ಅಂದಾಗಲೆಲ್ಲ ತಪ್ಪು ತನ್ನದೇ ಎಂದು ಅವಳಿಗೆ ಕೇಳಿಸುತ್ತದೆ.

ಹೊಟ್ಟೆನೋವಿಗೆ ಒಮ್ಮೆ ಡಾಕ್ಟರಿಗೆ ತೋರಿಸಿ. ರಜೆಯಲ್ಲಿ ಇರದ ನೋವು ಶಾಲೆಯ ದಿನ ಬರುತ್ತಿದ್ದರೆ ಆತಂಕ ಕಾರಣವಿರಬಹುದು. ಆದರೂ ನೋವು ನಿಜವೇ, ‘ನಾಟಕ’ ಅನ್ನಬೇಡಿ.

ಕ್ಲಾಸ್ ಟೀಚರನ್ನು ಪೋಷಕರ ಸಭೆಯ ಗದ್ದಲದಲ್ಲಿ ಬೇಡ, ಬೇರೆಯಾಗಿ ಸಮಯ ಕೇಳಿ ನೋಡಿ. ‘ನನ್ನ ಮಗಳನ್ನು ನೋಡಿಕೊಳ್ಳಿ’ ಎಂದಷ್ಟೇ ಹೇಳಿ ಬಂದರೆ ಏನೂ ಆಗದು. ಸೌಮ್ಯ ಸ್ವಭಾವದ ಒಬ್ಬ ಹುಡುಗಿಯ ಪಕ್ಕ ಕೂರಿಸಿ, ಇಬ್ಬರಿಗೂ ಸೇರಿ ಒಂದು ಕೆಲಸ ಕೊಡಿ ಎಂದು ಕೇಳಿ: ಲೈಬ್ರರಿ ಪುಸ್ತಕ ಹಂಚುವುದೋ, ಲ್ಯಾಬ್ ರೆಕಾರ್ಡ್ ಒಟ್ಟುಮಾಡುವುದೋ. ಜೋಡಿಯಾಗಿಯೇ ಇರಲಿ. ಒಬ್ಬಳಿಗೇ ಕೊಟ್ಟರೆ ಆ ಕೆಲಸದಲ್ಲೂ ಅವಳು ಒಂಟಿಯೇ. ಗೈರಾದ ಮರುದಿನ ‘ನಿನ್ನೆ ಯಾಕಮ್ಮ ಬರಲಿಲ್ಲ?’ ಎಂದು ವಿಚಾರಿಸುವ ಒಬ್ಬ ಟೀಚರ್ ಇದ್ದರೆ ಮಗುವಿಗೆ ಎಷ್ಟೋ ಧೈರ್ಯ. ಅಣಕಿಸುವವರನ್ನು ಬೇರೆಯಾಗಿ ಕರೆದು ಖಡಾಖಂಡಿತವಾಗಿ ಹೇಳಲಿ; ಇಡೀ ಕ್ಲಾಸಿನ ಮುಂದೆ ಇವಳ ಹೆಸರು ಎತ್ತಿದರೆ ಕಾಟ ಹೆಚ್ಚಬಹುದು.

ಮೀಡಿಯಂ ಬದಲಾದದ್ದೂ ಬಾಯಿ ಕಟ್ಟಿರುತ್ತದೆ. ದ್ಯುತಿಸಂಶ್ಲೇಷಣೆ ಚೆನ್ನಾಗಿ ಗೊತ್ತಿರುವವಳು ಫೋಟೋಸಿಂಥೆಸಿಸ್ ಎಂದ ಕೂಡಲೇ ತಲೆ ತಗ್ಗಿಸುತ್ತಾಳೆ. ಎರಡೂ ಭಾಷೆಯ ಪದಗಳನ್ನು ಅಕ್ಕಪಕ್ಕ ಬರೆದ ನೋಟ್‌ಬುಕ್ ಮಾಡಿಸಿ. ಮನೆಯ ಮಾತನ್ನು ಮಾತ್ರ ತಿದ್ದಬೇಡಿ. ‘ಹೌದ್ರಿ’ ಅವಳಪ್ಪ, ಅಜ್ಜಿ ಆಡುವ ಮಾತು.

ಹೊರ ಊರಿನಿಂದ ಬಂದು ಈಗ ಹೊಂದಿಕೊಂಡಿರುವ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಪರಿಚಯಿಸಲು ಹೇಳಿ. ಮನಶ್ಶಾಸ್ತ್ರಜ್ಞರಾದ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ಶುರುವಿನಲ್ಲಿ ನಮಗೂ ಹೀಗೇ ಅನಿಸಿತ್ತು, ಆಮೇಲೆ ಸರಿಹೋಯಿತು’ ಎಂಬ ಹಿರಿಯ ವಿದ್ಯಾರ್ಥಿಗಳ ಅನುಭವ ಓದಿದ ಅಮೆರಿಕದ ಕಪ್ಪುವರ್ಣೀಯ ಕಾಲೇಜು ವಿದ್ಯಾರ್ಥಿಗಳ ಅಂಕಗಳು ಮುಂದಿನ ವರ್ಷಗಳಲ್ಲಿ ಸುಧಾರಿಸಿದ್ದವು. ಅವರು ಕಾಲೇಜಿನವರು, ನಿಜ. ಆದರೆ ಇಂಥ ಮಾತು ಅಮ್ಮನಿಗಿಂತ ಅಕ್ಕನಂಥವಳ ಬಾಯಲ್ಲಿ ಬಂದರೆ ನಿಮ್ಮ ಮಗಳೂ ನಂಬುತ್ತಾಳೆ.

ನಿದ್ದೆ, ಊಟ ಪೂರ್ತಿ ಬಿಟ್ಟರೆ, ‘ನಾನಿಲ್ಲದಿದ್ರೆ ಚಲೋ ಇತ್ತು’ ಎಂಬಂಥ ಮಾತು ಬಂದರೆ ಕಾಯಬೇಡಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯಕೀಯ ವಿಭಾಗವಿದೆ.

ಶಾಲೆ ಈಗಲೇ ಬದಲಿಸಬೇಡಿ, ವರ್ಷದ ನಡುವೆ ಅವಳು ಮತ್ತೆ ಹೊಸಬಳಾಗುತ್ತಾಳೆ. ಆದರೆ ಅಣಕ ಹೊಡೆತಕ್ಕೋ ಜಾತಿ ನಿಂದನೆಗೋ ತಿರುಗಿ, ನೀವು ಲಿಖಿತವಾಗಿ ದೂರು ಕೊಟ್ಟ ಮೇಲೂ ಶಾಲೆ ಸುಮ್ಮನಿದ್ದರೆ, ವರ್ಷ ಮುಗಿಯಲೆಂದು ಕಾಯದೆ ಬಿಡಿಸಿ.