‘ಎಲೆಕ್ಟ್ರಾನುಗಳ ಮಹಡಿಮನೆ’ ಲೇಖನದ ಬಗ್ಗೆ

ಮಾನ್ಯರೇ,

ಪರಮಾಣುವಿನ ಶಕ್ತಿಮಟ್ಟಗಳಲ್ಲಿ ಎಲೆಕ್ಟ್ರಾನುಗಳು ತುಂಬುವ ಬಗೆಯನ್ನು ಮಹಡಿಮನೆಗೆ ಹೋಲಿಸಿ ತಾವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ತಿದ್ದಿ ಬರೆದರೆ ಸಂತೋಷದಿಂದ ಮತ್ತೆ ಓದುತ್ತೇನೆ.

ಸೋಡಿಯಂ ಕುರಿತ ಭಾಗ ನಿಜಕ್ಕೂ ಚೆನ್ನಾಗಿದೆ. ಮೊದಲ ಎಲೆಕ್ಟ್ರಾನನ್ನು ಕೀಳಲು 5.14 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಸಾಕು, ಒಳಗಿನ ಕವಚದಲ್ಲಿರುವ ಎರಡನೆಯದಕ್ಕೆ 47.3 ಬೇಕು ಎಂದು ತೋರಿಸಿ, ಕವಚ (ಎಲೆಕ್ಟ್ರಾನುಗಳ ಒಂದೊಂದು ಮುಖ್ಯ ಶಕ್ತಿಮಟ್ಟ) ಎಂಬುದು ಬರಿಯ ಕಲ್ಪನೆಯಲ್ಲ ಎಂಬುದನ್ನು ಅಂಕಿಗಳಿಂದಲೇ ಮನಗಾಣಿಸಿದ್ದೀರಿ.

ತೊಡಕಿರುವುದು ಪೊಟ್ಯಾಸಿಯಂನಲ್ಲಿ. ಮೂರನೆಯ ಕವಚದಲ್ಲಿ 18 ಎಲೆಕ್ಟ್ರಾನುಗಳಿಗೆ ಎಡೆಯಿದ್ದರೂ 8 ತುಂಬಿದೊಡನೆ ಮುಂದಿನದು ನಾಲ್ಕನೆಯ ಕವಚದೊಳಗಿನ ಎಸ್ ಎಂಬ ಭಾಗಕ್ಕೆ (ಉಪಕವಚಕ್ಕೆ), ಅಂದರೆ 4ಎಸ್‌ಗೆ ಹೋಗುತ್ತದೆ ಎಂದು ಬರೆದು, ‘ಇದು ನಿಯಮ’ ಎಂದು ಮುಂದೆ ಸಾಗಿದ್ದೀರಿ. ಮೂರನೆಯ ಮಹಡಿಯಲ್ಲಿ ಕೋಣೆಗಳು ಖಾಲಿಯಿರುವಾಗ ನಾಲ್ಕನೆಯದಕ್ಕೆ ಏಕೆ ಹತ್ತಬೇಕು ಎಂದು ಓದುಗರು ಕೇಳದಿರುವರೇ? ಒಂದೇ ಎಲೆಕ್ಟ್ರಾನಿರುವ ಹೈಡ್ರೋಜನ್‌ನಲ್ಲಿ ಮೂರನೆಯ ಕವಚದ ಉಪಕವಚಗಳಾದ 3ಎಸ್, 3ಪಿ, 3ಡಿ ಮೂರರ ಶಕ್ತಿಯೂ ಹೆಚ್ಚುಕಡಿಮೆ ಒಂದೇ. ಇತರ ಎಲೆಕ್ಟ್ರಾನುಗಳು ಸೇರಿ ನ್ಯೂಕ್ಲಿಯಸ್ಸಿನ ಸೆಳೆತವನ್ನು ಮರೆಮಾಡತೊಡಗಿದಾಗಲೇ ಅವು ಬೇರೆಬೇರೆಯಾಗುತ್ತವೆ. 4ಎಸ್ ಎಲೆಕ್ಟ್ರಾನು ಆ ಮರೆಯನ್ನು ದಾಟಿ ನ್ಯೂಕ್ಲಿಯಸ್ಸಿನ ಸಮೀಪದಲ್ಲಿಯೂ ಕಾಣಿಸಿಕೊಳ್ಳುವ ಸಾಧ್ಯತೆಯಿದ್ದು, 3ಡಿ ಎಲೆಕ್ಟ್ರಾನಿಗೆ ಅದು ತೀರ ಕಡಿಮೆಯಾದ್ದರಿಂದ, ಪೊಟ್ಯಾಸಿಯಂನಲ್ಲಿ 4ಎಸ್‌ನ ಶಕ್ತಿಯೇ ಕೆಳಗಿರುತ್ತದೆ. ತಮ್ಮ ಲೇಖನದ ಜೀವಾಳ ಈ ವಿವರಣೆಯಾಗಬೇಕಿತ್ತು, ಅದೇ ಇಲ್ಲ.

ಕಬ್ಬಿಣದ ವಿಷಯದಲ್ಲಿ ಇರುವುದು ಕೊರತೆಯಲ್ಲ, ತಪ್ಪು. ಕೊನೆಗೆ ಬಂದ ಎಲೆಕ್ಟ್ರಾನೇ ಮೊದಲು ಹೊರಡುತ್ತದೆ ಎಂದಿದ್ದೀರಿ. ಆರು 3ಡಿ, ಎರಡು 4ಎಸ್ ಎಲೆಕ್ಟ್ರಾನುಗಳಿರುವ ಕಬ್ಬಿಣದ ಪರಮಾಣು ಎರಡು ಧನಾವೇಶದ ಅಯಾನಾಗುವಾಗ ಕಳೆದುಕೊಳ್ಳುವುದು ಕೊನೆಗೆ ಬಂದ 3ಡಿ ಎಲೆಕ್ಟ್ರಾನುಗಳನ್ನಲ್ಲ, ಮೊದಲೇ ಬಂದ 4ಎಸ್‌ನ ಎರಡನ್ನೇ. ಮಟ್ಟಗಳು ಕಟ್ಟಿಟ್ಟ ಮಹಡಿಗಳಲ್ಲ. ನ್ಯೂಕ್ಲಿಯಸ್ಸಿನ ಆವೇಶ ಹೆಚ್ಚಿದಂತೆ, ಎಲೆಕ್ಟ್ರಾನುಗಳ ಸಂಖ್ಯೆ ಬದಲಾದಂತೆ ಅವುಗಳ ಶಕ್ತಿಯೂ ಬದಲಾಗುತ್ತದೆ.

ಒಂದು ಕಕ್ಷಕದಲ್ಲಿ (ಉಪಕವಚದ ಒಂದೊಂದು ಭಾಗದಲ್ಲಿ) ಎರಡೇ ಎಲೆಕ್ಟ್ರಾನುಗಳು ಏಕೆ ಎಂಬುದನ್ನು 1913ರ ಬೋರ್ ಪರಮಾಣು ಮಾದರಿಗೆ ಒಪ್ಪಿಸಿದ್ದೀರಿ. ಅದು 1925ರಲ್ಲಿ ಭೌತವಿಜ್ಞಾನಿ ಪೌಲಿ ಮಂಡಿಸಿದ ತತ್ವ. ಕ್ರೋಮಿಯಂನ ಅರ್ಧ ತುಂಬಿದ 3ಡಿ ಉಪಕವಚದಲ್ಲಿ ಎಲೆಕ್ಟ್ರಾನುಗಳು ‘ನೆಮ್ಮದಿಯಾಗಿವೆ’ ಎಂಬ ಮಾತನ್ನೂ ಬಿಡಿ. ಒಂದೇ ಬಗೆಯ ಸ್ಪಿನ್ (ಎಲೆಕ್ಟ್ರಾನಿನ ಹುಟ್ಟುಗುಣ, ಅದರಲ್ಲಿ ಎರಡೇ ಬಗೆ) ಇರುವ ಎಲೆಕ್ಟ್ರಾನುಗಳು ಬೇರೆಬೇರೆ ಕಕ್ಷಕಗಳಲ್ಲಿದ್ದಾಗ ಅವುಗಳ ನಡುವಿನ ವಿಕರ್ಷಣೆ ತಗ್ಗುತ್ತದೆ ಎಂದು ನೇರವಾಗಿ ಬರೆಯಬಹುದು.

ಮಹಡಿಮನೆಯ ಹೋಲಿಕೆಯನ್ನು ಪೂರ್ತಿ ತೆಗೆಯಬೇಕಿಲ್ಲ. ಆರ್ಗಾನ್‌ವರೆಗೆ ಅದನ್ನು ಉಳಿಸಿಕೊಂಡು, ಪೊಟ್ಯಾಸಿಯಂ ಬಂದೊಡನೆ ಅದು ಏಕೆ ಸಾಲದು ಎಂದು ಓದುಗರಿಗೆ ತಾವೇ ಹೇಳಿ, ಅಲ್ಲಿಂದ ಮುಂದಿನದನ್ನು ಹೊಸದಾಗಿ ಬರೆದು ಕಳುಹಿಸಿ.

ಇಂತಿ,
ಸಂಪಾದಕ