ನೆರೆ ಡ್ಯೂಟಿಯಿಂದ ಟ್ರಯಥ್ಲಾನ್ ತರಬೇತಿ ನಿಂತುಹೋಗಿದೆ, ರೇಸ್ ಬಿಡಬೇಕಾ?

ನೀವು ಗೃಹರಕ್ಷಕ ದಳದವರು. ಹದಿನೈದು ದಿನದಿಂದ ನೆರೆ ಡ್ಯೂಟಿ, ಒಂದೇ ದಿನ ಈಜು, ಸೈಕಲ್, ಓಟ ಮೂರನ್ನೂ ಮುಗಿಸಬೇಕಾದ ಹಾಫ್ ಐರನ್‌ಮ್ಯಾನ್ ರೇಸ್‌ಗೆ ಉಳಿದಿರುವುದು ಒಂಬತ್ತೇ ವಾರ, ಪಾದಕ್ಕೆ ಬೇರೆ ಗಾಯ. ತಪ್ಪಿದ ತರಬೇತಿಯನ್ನು ತುಂಬಿಕೊಳ್ಳುವುದು ಹೇಗೆ, ಇಲ್ಲ ಈ ಸಲ ರೇಸ್ ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ರೇಸ್ ಬಿಡಬೇಡಿ. ಆದರೆ ತಪ್ಪಿದ್ದನ್ನು ತುಂಬಿಕೊಳ್ಳುವುದಕ್ಕೂ ಹೋಗಬೇಡಿ.

ನಾನು ಅಗ್ನಿಶಾಮಕ ಇಲಾಖೆಯಲ್ಲಿದ್ದೇನೆ. 2019ರ ಅಕ್ಟೋಬರ್ 20ಕ್ಕೆ ಗೋವಾದಲ್ಲಿ ಮೊದಲ ಸಲ ಐರನ್‌ಮ್ಯಾನ್ 70.3, ಅಂದರೆ ಇದೇ ಹಾಫ್ ಐರನ್‌ಮ್ಯಾನ್, ಇತ್ತು. ಸಮುದ್ರದಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಅದರ ಮೇಲೆ 21.1 ಕಿ.ಮೀ. ಓಟ. ಅದಕ್ಕಾಗಿ ಎಂಟು ತಿಂಗಳು ತಯಾರಿ ಮಾಡಿದ್ದೆ. ಆಗಸ್ಟ್ ಮೊದಲ ವಾರ ಮಳೆ ಹಿಡಿಯಿತು. ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟ ಮೇಲೆ ಮಲಪ್ರಭೆ ರಾಮದುರ್ಗದ ಕಡೆಯ ಊರುಗಳಿಗೆ ನುಗ್ಗಿತು. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾದಿದ್ದ ಓಣಿಗಳಲ್ಲಿ ಎದೆಮಟ್ಟ ನೀರು. ನನಗೆ ಹದಿನೇಳು ದಿನ ಡ್ಯೂಟಿ ಬಿತ್ತು.

ಒಂದು ಓಣಿಯಲ್ಲಿ ಬೋಟಿನ ಮೋಟಾರ್ ಹಾಕುವ ಹಾಗೇ ಇರಲಿಲ್ಲ. ನೀರಿನಡಿ ಬೇಲಿ, ತಂತಿ, ಮುರಿದ ಚಕ್ಕಡಿ. ನಾನೂ ಇನ್ನೊಬ್ಬರೂ ನೀರಿಗಿಳಿದು ಹಗ್ಗ ಹಿಡಿದು ಎಳೆದೆವು. ಮಾಳಿಗೆ ಮೇಲೆ ಒಬ್ಬ ಅಜ್ಜಿ ಕೂತಿದ್ದರು, ಸೆರಗಿನೊಳಗೆ ಆಡಿನ ಮರಿ. "ಇದನ್ನ ಬಿಟ್ಟು ನಾ ಬರಂಗಿಲ್ಲ ತಮ್ಮಾ" ಅಂದರು. ಮೊದಲು ಮರಿಯನ್ನು ಇಸಿದುಕೊಂಡು ಬೋಟಿನಲ್ಲಿ ಇಟ್ಟೆ. ಅದು ನಿಂತಿದ್ದು ನೋಡಿದ ಮೇಲೇ ಅಜ್ಜಿ ಕೈ ಕೊಟ್ಟರು. ವಾಪಸ್ ಬರುವಾಗ ಮುಳ್ಳುತಂತಿ ನನ್ನ ಮೊಣಕಾಲಿನ ಕೆಳಗೆ ಸೀಳಿತು. ರಾತ್ರಿ ಗಮ್ ಬೂಟ್ ಬಿಚ್ಚಿದರೆ ಅಂಗಾಲು ಬೆಳ್ಳಗೆ, ಬೇಯಿಸಿದ ಕಡಲೆಯ ಸಿಪ್ಪೆ ಹಾಗೆ ಸುಕ್ಕಾಗಿತ್ತು.

ನಿಮ್ಮ ತರಬೇತಿ ಡೈರಿಯಲ್ಲಿ ಈ ಹದಿನೈದು ದಿನಕ್ಕೆ ಸೊನ್ನೆ ಇರಬಹುದು. ಮೈಯ ಲೆಕ್ಕ ಬೇರೆ. ನೀವು ಎತ್ತಿದ್ದೀರಿ, ಎಳೆದಿದ್ದೀರಿ, ಗಂಟೆಗಟ್ಟಲೆ ನೀರಿನಲ್ಲಿ ನಿಂತಿದ್ದೀರಿ, ಮೂರು ನಾಲ್ಕು ಗಂಟೆ ಮಲಗಿದ್ದೀರಿ. ರಜೆ ಮುಗಿಸಿ ಬಂದವರ ಹಾಗಲ್ಲ, ಜ್ವರ ಬಿಟ್ಟು ಎದ್ದವರ ಹಾಗೆ ನೀವು ತರಬೇತಿಗೆ ಮರಳಬೇಕು.

ಇದು ಗೊತ್ತಿಲ್ಲದೆ ನಾನು ಮಾಡಿದ ತಪ್ಪು ಹೇಳುತ್ತೇನೆ. ಮೂರನೇ ರಾತ್ರಿ, ಎಲ್ಲರೂ ಮಲಗಿದ ಮೇಲೆ, ಗಂಜಿ ಕೇಂದ್ರದ ಮುಂದಿನ ರಸ್ತೆಯಲ್ಲಿ ಐದು ಕಿಲೋಮೀಟರ್ ಓಡಿದೆ. ಮಾರನೇ ದಿನ ಸೆಳವಿನಲ್ಲಿ ಕಾಲು ನಿಲ್ಲಲಿಲ್ಲ. ಜೊತೆಯವರು ಲೈಫ್ ಜಾಕೆಟ್‌ಗೆ ಕೈ ಹಾಕಿ ಹಿಡಿದುಕೊಂಡರು. ಬೋಟಿನಲ್ಲಿ ಆಗ ಎರಡು ಮಕ್ಕಳಿದ್ದರು. ಅವತ್ತಿನಿಂದ ಡ್ಯೂಟಿ ಮುಗಿಯುವ ತನಕ ಓಟದ ಹೆಸರೆತ್ತಲಿಲ್ಲ. ಮಲಗುವ ಮುಂಚೆ ಹತ್ತು ನಿಮಿಷ ಭುಜ, ಸೊಂಟ ಸಡಿಲ ಮಾಡಿಕೊಳ್ಳುತ್ತಿದ್ದೆ, ಅಷ್ಟೇ. ಸುತ್ತಲಿನ ಊರುಗಳಿಂದ ರೊಟ್ಟಿ, ಶೇಂಗಾ ಚಟ್ನಿ ಬರುತ್ತಿತ್ತು, ಹೊಟ್ಟೆ ತುಂಬ ತಿಂದೆ. ನೀವೂ ತಿನ್ನಿ. ಡಯಟ್ ಈಗ ಬೇಡ.

ಎರಡು ವಾರ ಬಿಟ್ಟರೆ ಏನು ಹೋಗುತ್ತದೆ? ರಕ್ತದಲ್ಲಿನ ದ್ರವದ ಅಂಶ ಸ್ವಲ್ಪ ಇಳಿಯುತ್ತದೆ. ಅದಕ್ಕೇ ಹಳೇ ವೇಗದಲ್ಲೇ ಓಡಿದರೂ ಎದೆಬಡಿತ ಜಾಸ್ತಿ ಇರುತ್ತದೆ. ಇದು ಬೇಗ ವಾಪಸ್ ಬರುತ್ತದೆ. ತಿಂಗಳುಗಟ್ಟಲೆ ಕಟ್ಟಿದ ಬಲ ಎರಡು ವಾರದಲ್ಲಿ ಕರಗುವುದಿಲ್ಲ.

ಬೆಳಗ್ಗೆ ಏಳುವ ಮುಂಚೆ ನಾಡಿ ಎಣಿಸಿ. ನನ್ನದು ಮಾಮೂಲಿ 52, ಡ್ಯೂಟಿಯಿಂದ ಬಂದಾಗ 64 ಇತ್ತು. ಹಳೇ ಲೆಕ್ಕಕ್ಕೆ ಬರಲು ಒಂಬತ್ತು ದಿನ ಹಿಡಿಯಿತು. ಅಲ್ಲಿಯವರೆಗೆ ಮಾತಾಡುತ್ತಾ ಮಾಡಬಹುದಾದಷ್ಟೇ: ಅರ್ಧ ಗಂಟೆ ಓಟ, ಒಂದು ಗಂಟೆ ಸೈಕಲ್. ಮೊದಲ ವಾರ ನಿಮ್ಮ ಹಳೇ ತರಬೇತಿಯಲ್ಲಿ ಅರ್ಧ, ಎರಡನೇ ವಾರ ಮುಕ್ಕಾಲಿಗಿಂತ ಕಡಿಮೆ. ಮೂರನೇ ವಾರ ಎಲ್ಲ ಸರಿ ಅನ್ನಿಸಿದರೆ ವೇಗದ ಅಭ್ಯಾಸ ಶುರು ಮಾಡಿ. ಆಮೇಲೂ ನಿಮಗೆ ನಾಲ್ಕು ಒಳ್ಳೆಯ ವಾರ ಸಿಗುತ್ತವೆ, ಕೊನೆಯ ಎರಡು ವಾರ ತರಬೇತಿ ಇಳಿಸಿಕೊಂಡು ಬಂದರಾಯಿತು. ಗುರಿ ಸಮಯವನ್ನು ಮಾತ್ರ ಸಡಿಲ ಮಾಡಿ. ರೇಸ್ ಮುಗಿಸಲು ಒಟ್ಟು ಎಂಟೂವರೆ ಗಂಟೆ ಇರುತ್ತದೆ, ಅದು ಕಮ್ಮಿ ಅಲ್ಲ. ಡ್ಯೂಟಿ ಇನ್ನೂ ಎರಡು ವಾರ ಮುಂದುವರಿಯಿತು ಅಂದರೆ ಡ್ಯೂಟಿ ಆದೇಶದ ಪ್ರತಿ ಇಟ್ಟು ಆಯೋಜಕರಿಗೆ ಬರೆಯಿರಿ, ನೋಂದಣಿಯನ್ನು ಮುಂದಕ್ಕೆ ಹಾಕಲು ಬರುತ್ತದಾ ಕೇಳಿ. ಕೊನೆ ವಾರದವರೆಗೆ ಕಾಯಬೇಡಿ.

ಈಜಿನ ಬಗ್ಗೆ ಯಾರೂ ನನಗೆ ಮೊದಲೇ ಹೇಳಿರಲಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ. ಮೊದಲ ದಿನ ಕೊಳಕ್ಕೆ ಇಳಿದು ಮುಖ ಮುಳುಗಿಸಿದೆ. ತಳದ ಕಪ್ಪು ಗೆರೆ ಸ್ವಚ್ಛವಾಗಿ ಕಂಡಿತು. ಹದಿನೇಳು ದಿನ ನಾನು ನನ್ನ ಕೈಯೇ ಕಾಣದ ಕೆಂಪು ನೀರಿನಲ್ಲಿ ಕಾಲಿನಿಂದ ತಡಕಾಡಿದ್ದೆ, ಏನು ತಗಲುತ್ತದೋ ಅನ್ನುವ ಭಯದಲ್ಲಿ. ಇಪ್ಪತ್ತೈದು ಮೀಟರ್ ದಾಟುವ ಮೊದಲೇ ಉಸಿರು ಕಟ್ಟಿತು, ಗೋಡೆ ಹಿಡಿದು ನಿಂತು ಅತ್ತೆ. ನಿಮಗೂ ಹಾಗಾದರೆ ಆಗಲಿ ಬಿಡಿ. ಮೊದಲ ಸಲ ಗೆಳೆಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ರೇಸ್ ದಿನ ನಾನು ಗೋವಾದ ಮೀರಾಮಾರ್ ಕಡಲಲ್ಲಿ ಈಜಿಗೆ 58 ನಿಮಿಷ ತೆಗೆದುಕೊಂಡೆ, ಅಲ್ಲಿನ ಮಿತಿ 70. ರೇಸನ್ನು ಒಟ್ಟು 7 ಗಂಟೆ 54 ನಿಮಿಷದಲ್ಲಿ ಮುಗಿಸಿದೆ.

ಪಾದದ ಗಾಯವನ್ನು ಇವತ್ತೇ ಡಾಕ್ಟರಿಗೆ ತೋರಿಸಿ. ನೆರೆ ನೀರಿನಲ್ಲಿ ನಿಂತಿದ್ದೆ ಅಂತ ಬಾಯಿ ಬಿಟ್ಟು ಹೇಳಿ. ಧನುರ್ವಾಯು ಬರದಂತೆ ಇಂಜೆಕ್ಷನ್ ಬೇಕಾ, ಇಲಿಜ್ವರ ಬರದಂತೆ ಡಾಕ್ಸಿಸೈಕ್ಲಿನ್ ಮಾತ್ರೆ ಬೇಕಾ ಅಂತ ಕೇಳಿ. ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಕಂಡರೆ ಒಂದು ದಿನವೂ ಕಾಯಬೇಡಿ. ನನ್ನ ಗಾಯ ಕೀವಾಗಿ ಇನ್ನೊಂದು ವಾರ ಈಜು ತಪ್ಪಿತು. ನಿಮ್ಮದು ಪೂರ್ತಿ ಒಣಗುವ ತನಕ ಕೊಳಕ್ಕೆ ಇಳಿಯಬೇಡಿ.